ಅಧ್ಯಾಪಕ ವೃತ್ತಿ ಮತ್ತು ಕಥಾಸೃಷ್ಟಿ: ಅನಂತಮೂರ್ತಿಯವರ ನಿದರ್ಶನ

ಹೊಸಗನ್ನಡ ಸಾಹಿತ್ಯಕ್ಕೆ ಇಂಗ್ಲಿಷ್ ಅಧ್ಯಾಪಕರಿಂದ ಸಂದ ಸೇವೆ ಅಲ್ಪವಾದುದಲ್ಲ. ಬಿ. ಎಂ. ಶ್ರೀಕಂಠಯ್ಯನವರೂ ವಿ. ಕೃ. ಗೋಕಾಕರೂ ಜೀವನೋಪಾಯಕ್ಕಾಗಿ ಇಂಗ್ಲಿಷನ್ನು ಬೋಧಿಸುತ್ತ ಕನ್ನಡವನ್ನು ಬೆಳೆಸಿದವರು. ಒಂದು ಭಾಷೆಯಲ್ಲಿ ದುಡಿದು ಇನ್ನೊಂದರಲ್ಲಿ ಬರೆಯುವ ಈ ಬಾಳು ಲೇಖಕನಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹಗಲೆಲ್ಲ ಅನ್ಯಭಾಷೆಯಲ್ಲಿ ವ್ಯವಹರಿಸಿ ಸಂಜೆ ಸಂಘದ ಮೆಟ್ಟಿಲೇರುವ ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಡಾ. ಯು. ಆರ್. ಅನಂತಮೂರ್ತಿಯವರ (1932–2014) ಜೀವನದಲ್ಲಿ ಇದಕ್ಕೆ ಒಂದು ಉತ್ತರ ದೊರೆಯುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತರು. ಮುಂದೆ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ. ಎ. ಪದವಿಯನ್ನು ಪಡೆದು ಕಾಲೇಜು ಅಧ್ಯಾಪಕರಾದರು. ಅವರ ಮೊದಲ ಸಂಕಲನ ‘ಎಂದೆಂದೂ ಮುಗಿಯದ ಕತೆ’ 1955ರಲ್ಲಿ ಪ್ರಕಟವಾಯಿತು. ಅಗ್ರಹಾರದ ಆಚಾರವೂ ಆಧುನಿಕ ಪಾಶ್ಚಾತ್ಯ ಸಾಹಿತ್ಯವೂ ಒಂದೇ ಮನಸ್ಸಿನಲ್ಲಿ ನೆಲೆಸಿದ್ದವು. ಇವೆರಡರ ಘರ್ಷಣೆಯೇ ಅವರ ಕಥೆಗಳ ಮೂಲದ್ರವ್ಯವೆಂದರೆ ತಪ್ಪಾಗಲಾರದು.

ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ತೆರಳಿದ ಅವರು, 1930ರ ದಶಕದ ಕಥಾಸಾಹಿತ್ಯ ಮತ್ತು ರಾಜಕೀಯವನ್ನು ಕುರಿತ ಪ್ರಬಂಧಕ್ಕೆ 1966ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಒಮ್ಮೆ ತಮ್ಮ ಗುರುಗಳಾದ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಲನಚಿತ್ರವನ್ನು ನೋಡಿದ ಸಂಗತಿಯನ್ನು ಅವರೇ ಹೇಳಿಕೊಂಡಿದ್ದಾರೆ. ಯೂರೋಪಿನ ಕಲಾವಿದನು ಮಧ್ಯಯುಗವನ್ನು ವಿದ್ವತ್ತಿನ ಬಲದಿಂದ ಮರಳಿ ಕಟ್ಟಿಕೊಳ್ಳಬೇಕು. ತಮ್ಮಂಥ ಭಾರತೀಯನಿಗಾದರೋ ಅದು ಇನ್ನೂ ಜೀವಂತವಾದ ಅನುಭವ ಎಂದು ಅವರಿಗೆ ತೋರಿತು. ಹಾಗಾದರೆ ಅದನ್ನೇ ಬರೆಯಬಾರದೇಕೆ ಎಂಬುದು ಗುರುಗಳ ಸಲಹೆ. ಅಲ್ಲಿಯೇ ಹುಟ್ಟಿದ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಬೆಳಕು ಕಂಡಿತು.

ಆಚಾರಭ್ರಷ್ಟನಾದ ನಾರಣಪ್ಪನು ಸತ್ತಾಗ ಅವನ ಶವಸಂಸ್ಕಾರವನ್ನು ಮಾಡತಕ್ಕವರು ಯಾರು? ಈ ಪ್ರಶ್ನೆಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಕಾಣದ ಪ್ರಾಣೇಶಾಚಾರ್ಯರು ಕೊನೆಗೆ ತಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತದೆ. ಇಲ್ಲಿಯ ವಸ್ತುವೂ ನುಡಿಯೂ ಮಲೆನಾಡಿನವು. ವ್ಯಕ್ತಿಯ ಒಳತೋಟಿಯನ್ನು ಬಿಡಿಸಿ ನೋಡುವ ಕ್ರಮ ಮಾತ್ರ ಆಧುನಿಕ ಕಥನದ ಅಭ್ಯಾಸದಿಂದ ಬಂದುದು. ಅಧ್ಯಾಪಕ ವೃತ್ತಿ ಲೇಖಕನಿಗೆ ಅನುಭವವನ್ನು ಕೊಡಲಿಲ್ಲ. ಅನುಭವವನ್ನು ತುಸು ದೂರ ನಿಂತು ನೋಡುವ ದೃಷ್ಟಿಯನ್ನು ಕೊಟ್ಟಿತು.

ಈ ಕೃತಿಗೂ ನಮ್ಮ ನಗರಕ್ಕೂ ಇರುವ ಸಂಬಂಧ ಸ್ಮರಣೀಯ. ಅಂದಿನ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ 1963ರಿಂದ 1970ರವರೆಗೆ ಕೆಲಸದಲ್ಲಿದ್ದ ಗಿರೀಶ ಕಾರ್ನಾಡರು ಇದಕ್ಕೆ ಚಿತ್ರಕಥೆಯನ್ನು ರಚಿಸಿ, ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದರು. ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದರು. ಇಲ್ಲಿಯ ‘ಮದರಾಸ್ ಪ್ಲೇಯರ್ಸ್’ ನಾಟಕ ತಂಡದ ಗೆಳೆಯರು ಜೊತೆಗೂಡಿದರು. ನಾರಣಪ್ಪನ ಪಾತ್ರಧಾರಿ ಪಿ. ಲಂಕೇಶರೂ ಅಂದು ಇಂಗ್ಲಿಷ್ ಅಧ್ಯಾಪಕರಾಗಿದ್ದ ಕಥೆಗಾರರೇ. ಮದರಾಸಿನ ಸೆನ್ಸಾರ್ ಮಂಡಲಿ ಮೊದಲು ತಡೆಯೊಡ್ಡಿದರೂ ಬಳಿಕ ಅನುಮತಿ ದೊರೆತು, 1970ರ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಈ ಚಿತ್ರ ಪಾತ್ರವಾಯಿತು. 1976ರಲ್ಲಿ ಪ್ರಕಟವಾದ ಕಾದಂಬರಿಯ ಇಂಗ್ಲಿಷ್ ಅನುವಾದವು ಷಿಕಾಗೋದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರದು.

ಇಂಗ್ಲಿಷ್ ವಿದ್ಯೆಯಿಂದ ಲೇಖಕನು ತನ್ನ ಸಮಾಜವನ್ನೇ ಪರಕೀಯನಂತೆ ಕಾಣುವುದಿಲ್ಲವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅನಂತಮೂರ್ತಿಯವರು ಆ ವಿದ್ಯೆಯನ್ನೂ ಪರೀಕ್ಷೆಗೆ ಒಡ್ಡಿದರೆಂಬುದನ್ನು ಗಮನಿಸಬೇಕು. ‘ಭಾರತೀಪುರ’ದ (1973) ಜಗನ್ನಾಥನು ಇಂಗ್ಲೆಂಡಿನಿಂದ ಹಿಂದಿರುಗಿದವನು. ದಲಿತರನ್ನು ಮಂಜುನಾಥನ ದೇವಾಲಯಕ್ಕೆ ಕರೆದೊಯ್ಯಲು ಹೊರಟ ಅವನ ಸಂಕಲ್ಪದಲ್ಲಿ ಆದರ್ಶವೆಷ್ಟು, ಅಹಂಕಾರವೆಷ್ಟು ಎಂಬುದನ್ನು ಕಾದಂಬರಿ ನಿಷ್ಠುರವಾಗಿ ಶೋಧಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದಾಗಲೇ, 1981ರಲ್ಲಿ, ಅವರು ‘ರುಜುವಾತು’ ಎಂಬ ಕನ್ನಡ ಪತ್ರಿಕೆಯನ್ನು ಆರಂಭಿಸಿದರು. ಅನಂತರ ಕೊಟ್ಟಾಯಂನಲ್ಲಿ ಕುಲಪತಿಗಳಾಗಿ ಮಲೆಯಾಳದ ನಾಡಿನಲ್ಲಿದ್ದರು. 1994ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದುದು ಕನ್ನಡದ ಬರಹಕ್ಕಾಗಿ.

ಇದರಿಂದ ತಿಳಿಯತಕ್ಕದ್ದೇನು? ನಾಡಿನಿಂದ ದೂರವಿರುವುದು ತಾನಾಗಿ ನಷ್ಟವಲ್ಲ. ಆದರೆ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಅವರೊಡನೆ ಬಾಲ್ಯದ ಕನ್ನಡವೂ ಅದರೊಡನೆ ಬಂದ ನೆನಪುಗಳೂ ಹೋಗಿದ್ದವು. ದೂರವು ಅವನ್ನು ಹರಿತಗೊಳಿಸಿತಷ್ಟೇ. ಚೆನ್ನೈಯಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳು ನಾಳೆ ಇನ್ನೂ ದೂರ ಹೋಗುವವರು. ಅವರೊಡನೆ ಹೋಗುವ ಕನ್ನಡ ಎಷ್ಟು? ಮನೆಮಾತನ್ನು ಆಡಿಸುವುದರ ಜೊತೆಗೆ ಓದಲು ಬರೆಯಲು ಕಲಿಸುವ ಹೊಣೆಯನ್ನು ನಾವು ಹೊತ್ತಾಗ ಮಾತ್ರ ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತೀತು.