ಮನೆಯ ಲ್ಯಾಬಿಗೆ ಯಾವ ಹೋಸ್ಟ್?

2024ರ ಫೆಬ್ರುವರಿಯಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್‌ನ ಉಚಿತ ಇಎಸ್ಎಕ್ಸ್ಐ ತಂತ್ರಾಂಶವನ್ನು ನಿಲ್ಲಿಸಿತು. ವಿಎಂವೇರ್ ಅದರ ಕೈಸೇರಿ ಆಗಿನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಡೇಟಾ ಸೆಂಟರ್‌ಗಳಲ್ಲಿ ಓಡುವ ತಂತ್ರಾಂಶವನ್ನೇ ಮನೆಯ ಹಳೆಯ ಪಿಸಿಗೆ ಹಾಕಿಕೊಂಡು ಕಲಿಯುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಉಚಿತ ಆವೃತ್ತಿ ಮತ್ತೆ ಬಂತು. ಅಷ್ಟರೊಳಗೆ ಹಲವರು ಅದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ತಳವೂರಿ ಆಗಿತ್ತು.

ಇಂಥ ಲ್ಯಾಬು ಎಂದರೆ ಒಂದೇ ಪಿಸಿಯೊಳಗೆ ವಠಾರದ ಮನೆಗಳ ಹಾಗೆ ಹಲವು ಕಂಪ್ಯೂಟರ್‌ಗಳು: ಒಂದರಲ್ಲಿ ಉಬುಂಟು, ಇನ್ನೊಂದರಲ್ಲಿ ವಿಂಡೋಸ್ ಸರ್ವರ್, ಮತ್ತೊಂದರಲ್ಲಿ ಫೈರ್‌ವಾಲ್. ಒಂದು ಕೆಟ್ಟರೆ ಅಳಿಸಿ ಹೊಸದು ಮಾಡಿಕೊಳ್ಳಬಹುದು, ಉಳಿದವಕ್ಕೆ ತೊಂದರೆಯಿಲ್ಲ. ಇವುಗಳಿಗೆ ಗೆಸ್ಟ್ ಅಥವಾ ವಿಎಂ (ವರ್ಚುಯಲ್ ಮಷೀನ್) ಎಂದು ಹೆಸರು. ಇವೆಲ್ಲವನ್ನೂ ಹೊತ್ತು, ಮೆಮೊರಿ, ಡಿಸ್ಕ್, ಪ್ರೊಸೆಸರ್ ಹಂಚಿಕೊಡುವುದು ಹೋಸ್ಟ್. ಸರ್ಟಿಫಿಕೇಶನ್ ಪರೀಕ್ಷೆಗೆ ತಯಾರಾಗುವ ಬೆಂಗಳೂರಿನ ಹುಡುಗರಿಗೆ ಎಸ್.ಪಿ. ರೋಡಿನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿಯೇ ಇದಕ್ಕೆ ಸಾಕು.

ಹೋಸ್ಟ್ ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಆ ಪಿಸಿ ಲ್ಯಾಬಿಗೇ ಮೀಸಲೋ, ಅಥವಾ ದಿನದ ಕೆಲಸವೂ ಅದರಲ್ಲೇ ಆಗಬೇಕೋ?

ಇರುವುದೊಂದೇ ಲ್ಯಾಪ್‌ಟಾಪ್ ಎನ್ನುವವರು ಇರುವ ವಿಂಡೋಸನ್ನು ತೆಗೆಯಬೇಕಿಲ್ಲ. ಅದರ ಮೇಲೆಯೇ ವರ್ಚುಯಲ್ ಬಾಕ್ಸ್ ಹಾಕಿಕೊಳ್ಳಬಹುದು. 2024ರಿಂದ ಉಚಿತವಾಗಿ ಸಿಗುತ್ತಿರುವ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೋ ಕೂಡ ಆದೀತು. ಮೈಕ್ರೋಸಾಫ್ಟ್‌ನದೇ ಹೈಪರ್-ವಿ ವಿಂಡೋಸ್ ಪ್ರೋದಲ್ಲಿ ಇದೆ, ಹೋಮ್ ಆವೃತ್ತಿಯಲ್ಲಿ ಇಲ್ಲ. ಹೈಪರ್-ವಿ ಚಾಲೂ ಇಟ್ಟುಕೊಂಡೇ ವರ್ಚುಯಲ್ ಬಾಕ್ಸ್ ಓಡಿಸಿದರೆ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯೊಂದರ ಚಿತ್ರ ಕಾಣಿಸಿಕೊಳ್ಳುತ್ತದೆ. ಪ್ರೊಸೆಸರ್ ನೇರವಾಗಿ ಕೈಗೆ ಸಿಗದೆ, ಹೈಪರ್-ವಿ ಮೂಲಕವೇ ಹೋಗಬೇಕಾಗಿದೆ, ವೇಗ ಕಡಿಮೆಯಾದೀತು ಎಂಬುದಕ್ಕೆ ಅದು ಗುರುತು. ಲಿನಕ್ಸ್‌ನಲ್ಲೇ ದಿನ ಕಳೆಯುವವರ ದಾರಿ ಇನ್ನೂ ಸಲೀಸು. 2007ರಲ್ಲಿ ಬಂದ 2.6.20ನೇ ಕರ್ನಲ್‌ನಿಂದಲೇ ಲಿನಕ್ಸ್‌ನೊಳಗೆ ವಿಎಂಗಳನ್ನು ಓಡಿಸುವ ಕೆವಿಎಂ ಇದೆ. ಜೊತೆಗೆ ಅದನ್ನು ನಿರ್ವಹಿಸುವ ವರ್ಟ್-ಮ್ಯಾನೇಜರ್ ಹಾಕಿಕೊಂಡರೆ ಲ್ಯಾಬು ಸಿದ್ಧ.

ಪಿಸಿ ಲ್ಯಾಬಿಗೇ ಮೀಸಲಾದರೆ ಬರಿ ಯಂತ್ರದ ಮೇಲೆಯೇ ಕೂರುವ ಹೋಸ್ಟ್ ಒಳ್ಳೆಯದು. ಆಸ್ಟ್ರಿಯಾದ ವಿಯೆನ್ನಾದಲ್ಲಿ ತಯಾರಾಗುವ ಪ್ರಾಕ್ಸ್‌ಮಾಕ್ಸ್ 2008ರಿಂದ ಇದೆ. ಒಳಗಿರುವುದು ಡೆಬಿಯನ್ ಲಿನಕ್ಸ್ ಮತ್ತು ಅದೇ ಕೆವಿಎಂ. ಹಾಗಾಗಿ ಲಿನಕ್ಸ್ ಗುರುತಿಸುವ ಸಾಮಾನ್ಯ ನೆಟ್‌ವರ್ಕ್ ಕಾರ್ಡು, ಡಿಸ್ಕುಗಳನ್ನು ಇದೂ ಗುರುತಿಸುತ್ತದೆ. ಇನ್‌ಸ್ಟಾಲ್ ಆದ ಮೇಲೆ ಆ ಪಿಸಿಗೆ ಮಾನಿಟರ್, ಕೀಬೋರ್ಡ್ ಬೇಕಿಲ್ಲ. ಇನ್ನೊಂದು ಕಂಪ್ಯೂಟರಿನ ಬ್ರೌಸರಿನಲ್ಲಿ ಅದರ ಐಪಿ ವಿಳಾಸ ಮತ್ತು 8006 ಪೋರ್ಟ್ ಕೊಟ್ಟರೆ ಎಲ್ಲ ಕೆಲಸವೂ ಅಲ್ಲೇ. ಲಾಗಿನ್ ಆದೊಡನೆ ಚಂದಾ ಇಲ್ಲ ಎಂಬ ಸೂಚನೆ ಬರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಚಂದಾ ಕಟ್ಟದಿದ್ದರೂ ಯಾವ ಸೌಲಭ್ಯವೂ ನಿಲ್ಲುವುದಿಲ್ಲ. ಅಪ್‌ಡೇಟ್ ಬರುವ ಮೂಲವನ್ನು ಮಾತ್ರ ಎಂಟರ್‌ಪ್ರೈಸ್‌ನಿಂದ ಚಂದಾರಹಿತ ರೆಪಾಸಿಟರಿಗೆ ಬದಲಿಸಿಕೊಳ್ಳಬೇಕು.

ಇಎಸ್ಎಕ್ಸ್ಐ ಇಷ್ಟು ಉದಾರಿಯಲ್ಲ. 2020ರ 7ನೇ ಆವೃತ್ತಿಯಲ್ಲಿ ಹಳೆಯ ಲಿನಕ್ಸ್ ಮಾದರಿಯ ಡ್ರೈವರ್‌ಗಳಿಗೆ ಅದು ಬಾಗಿಲು ಮುಚ್ಚಿತು. ಮನೆಬಳಕೆಯ ಎಷ್ಟೋ ಮದರ್‌ಬೋರ್ಡುಗಳಲ್ಲಿರುವ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್ ಅದಕ್ಕೆ ಕಾಣದೆ, ಇನ್‌ಸ್ಟಾಲ್ ಅರ್ಧಕ್ಕೇ ನಿಂತುಬಿಡುತ್ತಿತ್ತು. ಉಚಿತ ಆವೃತ್ತಿಯಲ್ಲಿ ಒಂದು ವಿಎಂಗೆ ಎಂಟಕ್ಕಿಂತ ಹೆಚ್ಚು ವರ್ಚುಯಲ್ ಸಿಪಿಯು ಕೊಡಲಾಗದು, ಹಲವು ಹೋಸ್ಟ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವಿಸೆಂಟರ್ ಜೊತೆ ಜೋಡಿಸಲೂ ಆಗದು. ಆದರೂ ಆಫೀಸಿನಲ್ಲಿ ದಿನವೂ ವಿಎಂವೇರ್ ನೋಡಿಕೊಳ್ಳುವವರು ಮನೆಯಲ್ಲೂ ಅದನ್ನೇ ಹಾಕಿಕೊಂಡರೆ ತಪ್ಪೇನಿಲ್ಲ, ಕಲಿಯಬೇಕಾದದ್ದೇ ಅದು. ಕ್ಸೆನ್ ತಂತ್ರಜ್ಞಾನ ಬೇಕೆನ್ನುವವರಿಗೆ ಫ್ರಾನ್ಸ್‌ನ ಎಕ್ಸ್‌ಸಿಪಿ-ಎನ್‌ಜಿ ಇದೆ.

ಯಾವುದನ್ನೇ ಆರಿಸಿದರೂ ಮೊದಲು ಮುಗಿಯುವುದು ರ‍್ಯಾಮ್. 16 ಜಿಬಿಯ ಪಿಸಿಯಲ್ಲಿ ಹೋಸ್ಟ್‌ಗೆ 2 ಜಿಬಿ ಬಿಟ್ಟು, ಒಂದು ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ, ಒಂದು ವಿಂಡೋಸ್ ಸರ್ವರಿಗೆ ಇನ್ನೊಂದು 4 ಜಿಬಿ ಕೊಟ್ಟರೆ ಉಳಿಯುವುದು 6 ಜಿಬಿ. ಪರದೆಯಿಲ್ಲದ ಪುಟ್ಟ ಲಿನಕ್ಸ್ ಸರ್ವರ್‌ಗಳನ್ನು ತಲಾ 1 ಜಿಬಿಯಲ್ಲಿ ನಡೆಸಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಆರಿಸಿಕೊಂಡರೆ ಅದರ ಕ್ಯಾಶ್ ಕೂಡ ರ‍್ಯಾಮ್ ಕೇಳುತ್ತದೆ. ಪಿಸಿ ಸಣ್ಣದಿದ್ದರೆ ಸಾಮಾನ್ಯ ಫೈಲ್ ಸಿಸ್ಟಮ್ ಸಾಕು.

ಪ್ರೊಸೆಸರ್‌ನ ವರ್ಚುಯಲೈಸೇಶನ್ ಸೌಲಭ್ಯ ಈ ಹೋಸ್ಟ್‌ಗಳಿಗೆಲ್ಲ ಬೇಕು. ಅದು ಚಾಲೂ ಇದೆಯೇ ಎಂಬುದನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಹೇಳುತ್ತದೆ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿ ನೋಡಿದರಾಯಿತು. ಇಲ್ಲವೆಂದಿದ್ದರೆ ಬಯಾಸ್‌ಗೆ ಹೋಗಿ ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಎಂದಿರುವುದನ್ನು ಚಾಲೂ ಮಾಡಬೇಕು.

ಇಎಸ್ಎಕ್ಸ್ಐನಿಂದ ಎದ್ದು ಬರುವವರಿಗಾಗಿ ಪ್ರಾಕ್ಸ್‌ಮಾಕ್ಸ್ 2024ರ ಏಪ್ರಿಲ್‌ನಲ್ಲಿ, 8.2ನೇ ಆವೃತ್ತಿಯಲ್ಲಿ, ವಿಎಂಗಳನ್ನು ನೇರ ಎಳೆದುಕೊಳ್ಳುವ ಸೌಲಭ್ಯ ಸೇರಿಸಿತು. ಬೇರೆ ಹೋಸ್ಟ್‌ಗಳ ಡಿಸ್ಕ್ ಫೈಲ್‌ಗಳ ರೂಪ ಬದಲಿಸಲು ಕ್ಯೂಇಎಂಯು ಇಮೇಜ್ ಎಂಬ ಸಲಕರಣೆ ಇದೆ. ಆದರೆ ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲರ್ ತಾನು ಕೂರುವ ಡಿಸ್ಕನ್ನು ಪೂರ್ತಿ ಅಳಿಸುತ್ತದೆ. ಹಳೆಯ ವಿಎಂಗಳು ಅದೇ ಡಿಸ್ಕಿನಲ್ಲಿದ್ದರೆ, ಮೊದಲು ಅವುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ಇನ್ನೊಂದು ಪಿಸಿಯಲ್ಲಿ ನೋಡಿಯೇ ಮುಂದುವರಿಯಬೇಕು.