ಹಿಂದುಳಿದ ಜಿಲ್ಲೆಗಳ ಹಣ ಎಲ್ಲಿಗೆ ಹೋಯಿತು?

ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳಿಗೆ ಗಿರಾಕಿ ಹೆಚ್ಚು. ಮುಂಗಡ ಪತ್ರದಲ್ಲಿ ಆದಾಯ ತೆರಿಗೆಯ ಗತಿ ಏನಾಯಿತೆಂದು ಗುಮಾಸ್ತ ಮಿತ್ರರು ನೋಡುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದ ಬಂಧುಗಳು, ನಮ್ಮ ಊರ ಕಡೆಗೆ ಏನಾದರೂ ಉಂಟೇ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಪತ್ರಿಕೆಯ ಮೊದಲ ಪುಟದಲ್ಲಿ ಉತ್ತರ ಸಿಕ್ಕುವುದು ಅಪರೂಪ. ಹಿಂದುಳಿದ ಜಿಲ್ಲೆಗಳಿಗೆಂದೇ ಇದ್ದ ಒಂದು ನಿಧಿಯ ಕಥೆಯನ್ನು ತಿಳಿದರೆ ಕಾರಣ ಹೊಳೆಯುತ್ತದೆ.

ಕೇಂದ್ರ ಸರ್ಕಾರವು 2007ರಲ್ಲಿ ‘ಹಿಂದುಳಿದ ಪ್ರದೇಶಗಳ ಅನುದಾನ ನಿಧಿ’ಯನ್ನು ಆರಂಭಿಸಿತು. ಮೊದಲಿಗೆ ದೇಶದ 250 ಜಿಲ್ಲೆಗಳು ಅದರಲ್ಲಿದ್ದವು. ಕರ್ನಾಟಕದಿಂದ ಬೀದರ್, ಗುಲ್ಬರ್ಗಾ, ರಾಯಚೂರು, ದಾವಣಗೆರೆ ಮತ್ತು ಚಿತ್ರದುರ್ಗ ಸೇರಿದ್ದವು. ಯಾದಗಿರಿ ಆಗಿನ್ನೂ ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು. ಜಿಲ್ಲೆಯೊಂದಕ್ಕೆ ವರ್ಷಕ್ಕೆ 10 ಕೋಟಿ ರೂಪಾಯಿ ಖಾಯಂ ಮೊತ್ತ. ಅದರ ಮೇಲೆ ಜನಸಂಖ್ಯೆ ಮತ್ತು ವಿಸ್ತೀರ್ಣಕ್ಕೆ ತಕ್ಕ ಪಾಲು. ಬೇರೆ ಯೋಜನೆಗಳ ಹಣ ಮುಟ್ಟದೆ ಉಳಿದ ಕೊರತೆಗಳನ್ನು ತುಂಬುವುದು ಇದರ ಉದ್ದೇಶ. ಏನು ಬೇಕೆಂಬುದು ಗ್ರಾಮಸಭೆಯಿಂದ ಹೊರಟು ಜಿಲ್ಲಾ ಯೋಜನಾ ಸಮಿತಿಯವರೆಗೆ ಏರಬೇಕೆಂದು ನಿಯಮವಿತ್ತು. ಮೊತ್ತ ದೊಡ್ಡದಲ್ಲ, ನಿಜ. ಆದರೆ ರಾಜ್ಯದ ಹೆಸರನ್ನಲ್ಲದೆ ಜಿಲ್ಲೆಯ ಹೆಸರನ್ನೇ ಹಿಡಿದು ದೆಹಲಿಯಿಂದ ಹೊರಡುತ್ತಿದ್ದ ಹಣ ಅದು.

2015ರ ಫೆಬ್ರವರಿ 28ರಂದು ಮಂಡಿಸಿದ ಮುಂಗಡ ಪತ್ರದಲ್ಲಿ ಎಂಟು ಕಾರ್ಯಕ್ರಮಗಳನ್ನು ಕೇಂದ್ರದ ನೆರವಿನಿಂದ ಬಿಡಿಸಲಾಯಿತು. ಈ ನಿಧಿಯೂ ಅವುಗಳಲ್ಲೊಂದು. ಕಡಿತವೆಂಬ ಮಾತನ್ನು ಯಾರೂ ಆಡಲಿಲ್ಲ. 14ನೆಯ ಹಣಕಾಸು ಆಯೋಗವು ಹಂಚಿಕೆಗೆ ಒಳಪಟ್ಟ ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳ ಪಾಲನ್ನು ನೂರಕ್ಕೆ 32ರಿಂದ 42ಕ್ಕೆ ಏರಿಸಿತ್ತು. ಹಣವನ್ನು ರಾಜ್ಯಗಳಿಗೇ ಕೊಟ್ಟಿರುವಾಗ ಬೇಕಾದ ಯೋಜನೆಗಳನ್ನು ಅವೇ ನಡೆಸಿಕೊಳ್ಳಲಿ ಎಂಬುದು ವಾದ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ರಾಯಚೂರಿಗೆ ಏನು ಬೇಕೆಂಬುದು ನಾರ್ತ್ ಬ್ಲಾಕಿಗಿಂತ ವಿಧಾನಸೌಧಕ್ಕೆ ಚೆನ್ನಾಗಿ ಗೊತ್ತಿರಬೇಕು.

ತೊಡಕು ಬಂದದ್ದು ರಾಜ್ಯಗಳೊಳಗೆ ಪಾಲು ಮಾಡುವ ಸೂತ್ರದಿಂದ. ರಾಜ್ಯಗಳ ಒಟ್ಟು ಪಾಲಿನ ಪ್ರತಿ ನೂರು ರೂಪಾಯಿಯಲ್ಲಿ ಕರ್ನಾಟಕಕ್ಕೆ 14ನೆಯ ಆಯೋಗದ ಕಾಲದಲ್ಲಿ 4 ರೂಪಾಯಿ 71 ಪೈಸೆ ಬರುತ್ತಿತ್ತು. 15ನೆಯ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಅದನ್ನು 3 ರೂಪಾಯಿ 65 ಪೈಸೆಗೆ ಇಳಿಸಿತು. ಆ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೆ. ತಲಾ ಆದಾಯ ಹೆಚ್ಚಾದಷ್ಟೂ ಪಾಲು ಕಡಿಮೆ. ಕರ್ನಾಟಕದ ತಲಾ ಆದಾಯವನ್ನು ಮೇಲೆತ್ತಿರುವುದು ಬಹುಮಟ್ಟಿಗೆ ಬೆಂಗಳೂರು. ಯಾದಗಿರಿಗೆ ಬೇರೆ ಲೆಕ್ಕವಿಲ್ಲ.

ಮನೆಯ ಮಾತಿನಲ್ಲಿ ಹೇಳುವುದಾದರೆ, ಅಣ್ಣ ಪಟ್ಟಣದಲ್ಲಿ ಚೆನ್ನಾಗಿ ಸಂಪಾದಿಸುತ್ತಾನೆ. ತಮ್ಮ ಊರಿನಲ್ಲಿ ಮಳೆ ನಂಬಿ ಕುಳಿತಿದ್ದಾನೆ. ಇಬ್ಬರ ಆದಾಯವನ್ನೂ ಕೂಡಿಸಿ ‘ಸ್ಥಿತಿವಂತರು’ ಎಂದು ಪಡಿತರ ಚೀಟಿಯಲ್ಲಿ ಬರೆದರೆ ಅಕ್ಕಿ ತಪ್ಪುವುದು ತಮ್ಮನಿಗೆ. ಜಿಲ್ಲೆಯನ್ನು ನೋಡಿ ಕೊಡುತ್ತಿದ್ದ ಹಣ 2015ರಲ್ಲಿ ನಿಂತಿತು. ಅದಕ್ಕೆ ಬದಲಾಗಿ ಹೆಚ್ಚಿದ ಪಾಲು ಮುಂದಿನ ಆಯೋಗದ ಕಾಲಕ್ಕೆ ಇಳಿಯಿತು. ಗುಳೆ ಹೊರಡುವ ಜಿಲ್ಲೆಗಳಿಗೆ ಎರಡು ಕಡೆಯಿಂದಲೂ ಪೆಟ್ಟು. 2024ರ ಫೆಬ್ರವರಿ 7ರಂದು ರಾಜ್ಯದ ಮುಖ್ಯಮಂತ್ರಿಗಳೂ ಮಂತ್ರಿಗಳೂ ಇದೇ ಊರಿನ ಜಂತರ್ ಮಂತರಿನಲ್ಲಿ ಧರಣಿ ಕುಳಿತದ್ದು ಈ ಪಾಲಿನ ವಿಷಯಕ್ಕೇ.

ಆದರೆ ತಮ್ಮನ ಪಾಲನ್ನು ಅಣ್ಣನೂ ಕೊಡಬೇಕಲ್ಲವೆ? 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಆಸರೆಯಲ್ಲಿ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿ ಇದೆ. ಅದಕ್ಕೆ ರಾಜ್ಯವು 2023–24ರ ಮುಂಗಡ ಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಿಸಿತು. ಚಿತ್ರದುರ್ಗ, ದಾವಣಗೆರೆಗಳಿಗೆ ಆ ವಿಧಿಯ ಆಸರೆಯಿಲ್ಲ. ಅವುಗಳ ಆಸೆಯೆಲ್ಲ ಭದ್ರಾ ಮೇಲ್ದಂಡೆ ಯೋಜನೆಯ ಮೇಲೆ. ಅದಕ್ಕೆ ಕೇಂದ್ರವು 2023ರ ಮುಂಗಡ ಪತ್ರದಲ್ಲಿ 5,300 ಕೋಟಿ ಘೋಷಿಸಿತ್ತು. ಆ ಹಣ ಕೈಗೆ ಬಂದಿಲ್ಲವೆಂಬುದು ಜಂತರ್ ಮಂತರಿನ ದೂರುಗಳಲ್ಲೊಂದು.

ಘೋಷಣೆ ಬೇರೆ, ಕೈಗೆ ಬರುವುದು ಬೇರೆ. ಸಚಿವಾಲಯಗಳಲ್ಲಿ ದುಡಿಯುವ ಓದುಗರಿಗೆ ಇದು ಹೊಸ ಸಂಗತಿಯಲ್ಲ, ಉಳಿದವರಿಗಾಗಿ ಹೇಳುತ್ತೇವೆ. ಮುಂಗಡ ಪತ್ರದಲ್ಲಿ ಪ್ರತಿ ಬಾಬ್ತಿನ ಎದುರಿಗೂ ಹಲವು ಅಂಕಣಗಳಿರುತ್ತವೆ. ಬರುವ ವರ್ಷಕ್ಕೆ ಅಂದಾಜು ಒಂದರಲ್ಲಿ, ನಡೆಯುತ್ತಿರುವ ವರ್ಷದ ಮೂಲ ಅಂದಾಜೂ ಪರಿಷ್ಕೃತ ಅಂದಾಜೂ ಎರಡರಲ್ಲಿ, ಅದಕ್ಕೂ ಹಿಂದಿನ ವರ್ಷ ನಿಜವಾಗಿ ಖರ್ಚಾದದ್ದು ಮತ್ತೊಂದರಲ್ಲಿ. ಪತ್ರಿಕೆಗಳು ಹಾಡಿ ಹೊಗಳುವುದು ಮೊದಲನೆಯದನ್ನು. ಮೂಲ ಅಂದಾಜಿಗಿಂತ ಪರಿಷ್ಕೃತ ಅಂದಾಜು ಕಡಿಮೆಯಿದ್ದರೆ ಹಣ ನಡುದಾರಿಯಲ್ಲಿ ಇಳಿಯಿತೆಂದು ತಿಳಿಯಬೇಕು. ಇದಕ್ಕೆ ದಪ್ಪಕ್ಷರದ ಶೀರ್ಷಿಕೆ ಬರುವುದಿಲ್ಲ.

ಊರಿನ ಲೆಕ್ಕ ಬೇಕಾದವರು ಜಾತ್ರೆಗೋ ಯುಗಾದಿಗೋ ಹೋದಾಗ ಗ್ರಾಮ ಪಂಚಾಯತಿಯಲ್ಲಿ ಆ ವರ್ಷದ ಕ್ರಿಯಾ ಯೋಜನೆಯನ್ನು ಕೇಳಿ ನೋಡಬಹುದು. ಕೊಡಲು ತಡೆದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬಹುದು. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು.