ವಸಂತಕಾಲದಲ್ಲಿ ಮನೆಯ ಬೆಕ್ಕಿನ ಆರೋಗ್ಯರಕ್ಷಣೆ

ಮಾವು ಹೂತು, ಕಾಡಿನ ಮರಗಳು ಹಳೆಯ ಎಲೆಗಳನ್ನು ಉದುರಿಸಿ ಚಿಗುರುವ ಕಾಲವನ್ನು ನಮ್ಮ ಕವಿಗಳು ಋತುಗಳ ರಾಜನೆಂದು ಕೊಂಡಾಡಿರುವರು. ಆದರೆ ಮಲೆನಾಡಿನ ಗೃಹಸ್ಥನಿಗೆ ಇದು ಕೇವಲ ಸಂತೋಷದ ಕಾಲವಲ್ಲ. ಉದುರಿದ ಎಲೆಗಳ ನಡುವೆ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಜಂತುವೊಂದು ರಕ್ತಕ್ಕಾಗಿ ಕಾದಿರುವ ಕಾಲವೂ ಇದೇ. ಅದನ್ನು ಉಣುಗು ಎನ್ನುತ್ತಾರೆ. ಉಣ್ಣೆಯೆಂದು ಕರೆಯುವುದೂ ಉಂಟು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಮನೆಗಳಲ್ಲಿ ಸಾಕಿರುವ ಬೆಕ್ಕನ್ನು ಈ ಕಾಲದಲ್ಲಿ ಹೇಗೆ ಕಾಪಾಡಬೇಕು, ಅದರೊಡನೆ ಮನೆಯವರ ಕ್ಷೇಮವೂ ಹೇಗೆ ಸೇರಿಕೊಂಡಿದೆ ಎಂಬುದನ್ನು ಈಗ ವಿಚಾರಮಾಡೋಣ. ನಗರಗಳಲ್ಲಿ ನೆಲಸಿದ ಆ ಸೀಮೆಯ ಕುಟುಂಬಗಳು ರಜೆಗೆಂದು ಮಕ್ಕಳೊಡನೆ ಊರಿಗೆ ಹೊರಡುವುದು ಈ ದಿನಗಳಲ್ಲಿಯೇ ಆದುದರಿಂದ, ಇದು ಹಳ್ಳಿಯವರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಎಣಿಸಲಾಗದು.

ಭತ್ತವನ್ನು ಮನೆಯಲ್ಲಿ ಕೂಡಿಡುವ ಸೀಮೆಯಲ್ಲಿ ಬೆಕ್ಕಿಲ್ಲದೆ ಸಂಸಾರ ಸಾಗದು. ಇಷ್ಟಾದರೂ ಹಸುವಿಗೆ ಕೊಟ್ಟಿಗೆಯುಂಟು, ನಾಯಿಗೆ ಅನ್ನದ ತಟ್ಟೆಯುಂಟು. ಬೆಕ್ಕಿನ ಯೋಗಕ್ಷೇಮವನ್ನು ಕೇಳುವವರಿಲ್ಲ. ತನ್ನ ಮೈಯನ್ನು ಅದು ತಾನೇ ನೋಡಿಕೊಳ್ಳುತ್ತದೆ ಎಂಬುದು ಜನರ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಬೆಕ್ಕಿನ ನಾಲಗೆಯ ಮೇಲೆ ಸಣ್ಣ ಮುಳ್ಳುಗಳಿದ್ದು, ಅವು ಬಾಚಣಿಗೆಯ ಕೆಲಸವನ್ನು ಮಾಡುತ್ತವೆ. ದಿನವೂ ಬಹು ಹೊತ್ತು ಮೈ ನೆಕ್ಕಿಕೊಂಡು ಅದು ಎಷ್ಟೋ ಉಣುಗುಗಳನ್ನು ತೆಗೆದುಹಾಕುತ್ತದೆ. ಆದರೆ ನಾಲಗೆಗೆ ಎಟುಕದ ಸ್ಥಳಗಳು ಉಂಟು. ಇದಲ್ಲದೆ ಮೈಮೇಲೆ ಬಿದ್ದುದೆಲ್ಲವೂ ನೆಕ್ಕುವಾಗ ಹೊಟ್ಟೆಗೆ ಇಳಿಯುತ್ತದೆ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಮುಂದಿನ ಸೂಚನೆಗಳು ತಾವಾಗಿಯೇ ಸ್ಪಷ್ಟವಾಗುವುವು.

ಸೊರಬದ ಉಣುಗಿಗೆ ಜಗತ್ತಿನ ವೈದ್ಯಶಾಸ್ತ್ರದಲ್ಲಿಯೇ ಒಂದು ಸ್ಥಾನವಿದೆ. ೧೯೫೭ನೆಯ ಇಸವಿಯಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗಳ ಜನರು ಉಗ್ರವಾದ ಜ್ವರದಿಂದ ಮಲಗಿದರು. ಮಂಗಗಳ ಸಾವನ್ನು ಕಂಡು, ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿಜ್ವರವು ನಮ್ಮ ದೇಶಕ್ಕೂ ಕಾಲಿಟ್ಟಿತೋ ಎಂದು ವಿದ್ವಾಂಸರು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ ನೋಡಲು, ಅದು ಅದುವರೆಗೆ ಯಾರೂ ಅರಿಯದ ಹೊಸ ವೈರಸ್ಸೆಂದೂ, ರಷ್ಯಾ ದೇಶದ ವಸಂತ-ಗ್ರೀಷ್ಮ ಮೆದುಳುಜ್ವರದ ವೈರಸ್ಸಿಗೆ ಬಂಧುವೆಂದೂ, ಉಣುಗಿನ ಕಡಿತದಿಂದ ಬರುವುದೆಂದೂ ತಿಳಿದುಬಂದಿತು. ಇದಕ್ಕೆ ಕ್ಯಾಸನೂರು ಅರಣ್ಯ ರೋಗವೆಂದು ಹೆಸರಾಯಿತು. ಜನರು ಹೇಳುವುದು ಮಂಗನ ಕಾಯಿಲೆಯೆಂದು. ಮೊದಲ ಹಲವು ವರ್ಷಗಳು ಇದು ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳಲ್ಲಿಯೇ ಇದ್ದು, ಆ ಬಳಿಕ ಪಶ್ಚಿಮಘಟ್ಟದ ಇತರ ಭಾಗಗಳಿಗೂ ಹಬ್ಬಿತು. ಸೋಂಕಿದವರಲ್ಲಿ ನೂರಕ್ಕೆ ಸುಮಾರು ಮೂರರಿಂದ ಐದು ಮಂದಿ ಮರಣಹೊಂದುವರು. ಈ ರೋಗಕ್ಕೆಂದೇ ಆದ ಔಷಧವಿಲ್ಲ. ಹಿಂದೆ ಬಳಕೆಯಲ್ಲಿದ್ದ ಲಸಿಕೆಯ ಪ್ರಯೋಜನವು ಕುಂದಿತೆಂದು ಅದನ್ನು ೨೦೨೨ರಲ್ಲಿ ನಿಲ್ಲಿಸಿದರು.

ಬೆಕ್ಕಿನಿಂದ ಮಂಗನ ಕಾಯಿಲೆ ಬರುವುದೆಂದು ನಾವು ಹೇಳುತ್ತಿಲ್ಲ. ಅಂತಹ ಭಯದಿಂದ ಬೆಕ್ಕನ್ನು ಹೊರಗಟ್ಟುವುದು ಅವಿವೇಕ. ಈ ರೋಗದ ಚಕ್ರವು ಉಣುಗು, ಮಂಗ, ಕಾಡಿನ ಇಲಿ, ಮೂಗಿಲಿ ಮೊದಲಾದವುಗಳಲ್ಲಿ ತಿರುಗುವುದು. ದೊಡ್ಡ ಉಣುಗುಗಳು ಮಳೆಗಾಲದಲ್ಲಿ ದನಗಳ ರಕ್ತವನ್ನು ಹೀರಿ ಸಂತಾನವನ್ನು ಬೆಳೆಸುವುವು. ಆ ಸಂತಾನದ ಮರಿ ಉಣುಗುಗಳು ಡಿಸೆಂಬರಿನಿಂದ ಮೇ ತಿಂಗಳವರೆಗೆ ಒಣ ಎಲೆಗಳಲ್ಲಿ ಹೇರಳವಾಗಿರುತ್ತವೆ. ಗಾತ್ರದಲ್ಲಿ ಅವು ಗಸಗಸೆಯ ಕಾಳಿನಷ್ಟು. ಮಲೆನಾಡಿನ ರೈತರು ಕೊಟ್ಟಿಗೆಗೂ ಗೊಬ್ಬರಕ್ಕೂ ಬೇಕೆಂದು ಕಾಡಿನಿಂದ ದರಗನ್ನು ಗುಡಿಸಿ ತರುವುದು ಈ ತಿಂಗಳುಗಳಲ್ಲಿಯೇ. ಹಿತ್ತಿಲಲ್ಲಿ ರಾಶಿ ಹಾಕಿದ ಒಣ ದರಗು ಬೆಕ್ಕಿಗೆ ಬಲು ಪ್ರಿಯವಾದ ಹಾಸಿಗೆ. ಅದರಲ್ಲಿ ಹಗಲೆಲ್ಲ ಮಲಗಿ, ರಾತ್ರಿ ಮಕ್ಕಳ ಕಂಬಳಿಯೊಳಗೆ ನುಸುಳುವ ಬೆಕ್ಕು ತನ್ನ ತುಪ್ಪಳದಲ್ಲಿ ಏನನ್ನು ಹೊತ್ತು ತಂದಿತೆಂದು ನೋಡುವುದು ಮನೆಯವರ ಕರ್ತವ್ಯ. ದರಗಿನ ರಾಶಿಯನ್ನು ಮನೆಯಿಂದ ದೂರವಿಡುವುದೂ, ಮಂಗ ಸತ್ತ ಕಡೆಯಿಂದ ದರಗನ್ನು ತಾರದಿರುವುದೂ, ಸತ್ತ ಮಂಗದ ಬಳಿಗೆ ಹೋಗದೆ ಆರೋಗ್ಯ ಇಲಾಖೆಗೆ ಕೂಡಲೆ ತಿಳಿಸುವುದೂ ಮೊದಲ ಎಚ್ಚರಿಕೆಗಳು.

ಇನ್ನು ಪರೀಕ್ಷೆಯ ಕ್ರಮ. ದಿನಕ್ಕೊಮ್ಮೆ, ಸಂಜೆ ಬೆಕ್ಕು ಒಳಗೆ ಬಂದೊಡನೆ, ಬೆಳಕಿನಲ್ಲಿ ಕೂರಿಸಿಕೊಂಡು ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೂದಲನ್ನು ಬಾಚಬೇಕು. ಕಿವಿಯ ಒಳಗೂ ಹಿಂದೂ, ಗದ್ದದ ಕೆಳಗೆ, ಕತ್ತಿನ ಸುತ್ತ, ಕಾಲ್ಬೆರಳುಗಳ ಸಂದಿಯಲ್ಲಿ ವಿಶೇಷವಾಗಿ ನೋಡಬೇಕು. ನಾಲಗೆ ಸರಿಯಾಗಿ ಎಟುಕದ ಸ್ಥಳಗಳಿವು. ಉಣುಗು ಕಚ್ಚಿಕೊಂಡಿದ್ದರೆ ಅದನ್ನು ಬರಿಗೈಯಿಂದ ಹಿಡಿಯಬಾರದು. ಉಗುರಿನಲ್ಲಿ ಕುಕ್ಕಿ ಒಡೆಯಲೂ ಬಾರದು. ಕೈಗೆ ರಬ್ಬರಿನ ಚೀಲವನ್ನು ತೊಟ್ಟು, ಮೊನಚಾದ ಚಿಮಟದಿಂದ ಚರ್ಮಕ್ಕೆ ತಗುಲಿದಂತೆಯೇ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆದು ಸ್ಪಿರಿಟ್ಟಿನಲ್ಲಿ ಹಾಕಬೇಕು. ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಬೆಂಕಿಕಡ್ಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು ಇವೆರಡೂ ಕೆಟ್ಟ ಪದ್ಧತಿಗಳು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ವಸಂತದಲ್ಲಿ ಉಣುಗಿನಿಂದ ಸಾಯುವ ಭಯಕ್ಕಿಂತ, ಉಣುಗಿಗೆಂದು ಹಚ್ಚಿದ ಔಷಧದಿಂದಲೇ ಬೆಕ್ಕು ಸಾಯುವ ಭಯ ಹೆಚ್ಚು. ನಾಯಿಯ ಮೈಗೆ ಹಾಕುವ ಅನೇಕ ಔಷಧಗಳಲ್ಲಿ ಪರ್ಮೆತ್ರಿನ್ ಎಂಬ ದ್ರವ್ಯವಿದೆ. ನಾಯಿಗೆ ಅದು ಹಿತ. ಬೆಕ್ಕಿಗೆ ಅದೇ ವಿಷ. ನಾಯಿ, ಮನುಷ್ಯರ ಯಕೃತ್ತು ಇಂತಹ ಪದಾರ್ಥಗಳನ್ನು ಮಾರ್ಪಡಿಸಿ ಹೊರಹಾಕಬಲ್ಲದು. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಅತ್ಯಲ್ಪ. ಅದನ್ನು ಹಚ್ಚಿದ ಕೆಲವು ಗಂಟೆಗಳಲ್ಲಿ ಬೆಕ್ಕು ಜೊಲ್ಲು ಸುರಿಸಿ, ನಡುಗಿ, ಸೆಳವು ಬಂದು ಸಾಯುವುದುಂಟು. ದನಗಳಿಗೆ ಸವರುವ ಉಣುಗಿನ ಔಷಧ, ಹೊಗೆಸೊಪ್ಪಿನ ನೀರು, ಆರೋಗ್ಯ ಇಲಾಖೆಯವರು ಮನುಷ್ಯರ ಕೈಕಾಲಿಗೆಂದು ಕೊಡುವ ತೈಲ, ಇವಾವುವನ್ನೂ ಬೆಕ್ಕಿಗೆ ಹಚ್ಚಬಾರದು. ಹಚ್ಚಿದುದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಮೈ ಬಿಸಿಯಾಗಿದೆಯೆಂದು ಪ್ಯಾರಾಸಿಟಮಾಲ್ ಗುಳಿಗೆಯನ್ನು ನುಂಗಿಸುವುದಂತೂ ಕೊಲ್ಲುವುದಕ್ಕೆ ಸಮ. ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಲು ಸಾಕು. ಬೆಕ್ಕಿನ ಸಹಜವಾದ ಉಷ್ಣತೆಯೇ ಫ್ಯಾರನ್‌ಹೀಟಿನ ೧೦೦ರಿಂದ ೧೦೨ ಡಿಗ್ರಿಗಳಷ್ಟಿರುವುದು. ನಮ್ಮ ಕೈಗೆ ಬೆಚ್ಚಗೆ ಕಂಡ ಮಾತ್ರಕ್ಕೆ ಅದಕ್ಕೆ ಜ್ವರವೆನ್ನಲಾಗದು. ಅಕಸ್ಮಾತ್ತಾಗಿ ನಾಯಿಯ ಔಷಧ ಮೈಗೆ ತಗುಲಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬೆಕ್ಕಿಗೆಂದೇ ತಯಾರಾದ, ಅದರ ತೂಕಕ್ಕೆ ತಕ್ಕ ಔಷಧಗಳು ಇರುವುವು. ಅವನ್ನು ವೈದ್ಯರ ಮಾತಿನಂತೆಯೇ ಉಪಯೋಗಿಸತಕ್ಕದ್ದು.

ಚಿಗಟದ ಉಪದ್ರವವು ನಗರದ ಮನೆಗಳಲ್ಲಿಯೂ ಕಡಮೆಯಿಲ್ಲ. ಬಾಚಿದಾಗ ಉದುರಿದ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲಿಡಿ. ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಎಂದರೆ ಜೀರ್ಣವಾದ ರಕ್ತ. ಚಿಗಟದ ಮೊಟ್ಟೆಗಳು ಮೈಮೇಲೆ ನಿಲ್ಲದೆ ಹಾಸಿಗೆಗೂ ನೆಲದ ಬಿರುಕುಗಳಿಗೂ ಉದುರಿ ಅಲ್ಲಿಯೇ ಬೆಳೆಯುತ್ತವೆ. ಆದಕಾರಣ ಬೆಕ್ಕನ್ನು ಬಾಚಿದರೆ ಸಾಲದು, ಅದು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಮೂಲೆಗಳನ್ನು ಗುಡಿಸಬೇಕು. ಚಿಗಟವನ್ನು ನುಂಗಿದ ಬೆಕ್ಕಿನ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುವುದು. ಎಳೆಯ ಮರಿಗಳಲ್ಲಿ ಚಿಗಟ ವಿಪರೀತವಾದರೆ ರಕ್ತಹೀನತೆಯುಂಟಾಗಿ ಒಸಡು ಬಿಳುಪೇರುವುದು. ಅಂತಹ ಮರಿಯನ್ನು ವೈದ್ಯರಿಗೆ ತೋರಿಸಲು ನಾಳೆಯವರೆಗೆ ಕಾಯಬಾರದು.

ಬಿಸಿಲೇರಿದಂತೆ ಹಳೆಯ ಕೂದಲು ಉದುರುತ್ತದೆ. ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆಗಟ್ಟಿ ವಾಂತಿಯಾಗುತ್ತದೆ. ಅದಕ್ಕೂ ಬಾಚಣಿಗೆಯೇ ಮದ್ದು. ಬೆಕ್ಕು ನೀರು ಕುಡಿಯುವುದು ಕಡಮೆ. ಆದಕಾರಣ ಅಗಲವಾದ ಮಣ್ಣಿನ ಬಟ್ಟಲುಗಳಲ್ಲಿ ಶುದ್ಧವಾದ ನೀರನ್ನು ನೆರಳಿನಲ್ಲಿ ಎರಡು ಮೂರು ಕಡೆ ಇಡುವುದು ಒಳ್ಳೆಯದು. ನಾಯಿಯಂತೆ ಬಾಯಿ ತೆರೆದು ಏದುವುದು ಬೆಕ್ಕಿನಲ್ಲಿ ಅಪಾಯದ ಚಿಹ್ನೆ. ಎರಡು ದಿನ ಆಹಾರವನ್ನು ಮುಟ್ಟದಿದ್ದರೂ ಉದಾಸೀನ ಸಲ್ಲದು. ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಕೆಡುವುದು. ಎಂಟು ವಾರ ತುಂಬಿದ ಮರಿಗೆ ಬೆಕ್ಕಿನ ವಾಂತಿಭೇದಿ, ನೆಗಡಿಗಳ ವಿರುದ್ಧ ಲಸಿಕೆಯನ್ನೂ, ಮೂರು ತಿಂಗಳಾದ ಮೇಲೆ ಹುಚ್ಚುನಾಯಿರೋಗದ ಲಸಿಕೆಯನ್ನೂ ಹಾಕಿಸಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ತಾಲ್ಲೂಕು ಊರುಗಳಲ್ಲಿ ಪಶು ಆಸ್ಪತ್ರೆಗಳಿವೆ. ಅಲ್ಲಿಗೆ ಹಸುವನ್ನು ಕರೆದೊಯ್ಯುವವರು ಬೆಕ್ಕನ್ನು ಒಯ್ಯಲು ನಾಚಬೇಕಾಗಿಲ್ಲ.

ಕಾಡಿನ ಅಂಚಿಗೆ ಹೋಗಿಬಂದ ಮನುಷ್ಯರಿಗೆ ಹಠಾತ್ತಾಗಿ ಜ್ವರ, ತೀವ್ರವಾದ ತಲೆನೋವು, ಮೈಕೈ ನೋವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ, ಉಣುಗು ಕಚ್ಚಿದ್ದನ್ನೂ ಹೋಗಿಬಂದ ಸ್ಥಳವನ್ನೂ ವೈದ್ಯರಿಗೆ ಹೇಳತಕ್ಕದ್ದು. ಉಳಿದಂತೆ ಬೆಕ್ಕಿನ ವಸಂತಚರ್ಯೆಗೆ ಬೇಕಾದುದು ಹೆಚ್ಚಿನ ವೆಚ್ಚವಲ್ಲ: ಒಂದು ಬಾಚಣಿಗೆ, ಒಂದು ಚಿಮಟ, ಒಂದು ಬಟ್ಟಲು ನೀರು, ದಿನಕ್ಕೆ ಕಾಲು ಗಂಟೆಯ ಗಮನ. ನಮ್ಮ ಧಾನ್ಯವನ್ನು ರಾತ್ರಿಯೆಲ್ಲ ಕಾಯುವ ಪ್ರಾಣಿಗೆ ಇಷ್ಟನ್ನು ಸಲ್ಲಿಸುವುದು ದೊಡ್ಡದೇನಲ್ಲ.